ತಾರೆಯರ ಹಸ್ತಾಕ್ಷರಗಳು

ಸಂಗ್ರಹಬುದ್ಧಿಯು ಮನುಷ್ಯನಿಗೆ ಸಹಜವಾದುದು. ಕೆಲವರು ಅಂಚೆಚೀಟಿಗಳನ್ನು ಕೂಡಿಡುತ್ತಾರೆ. ಕೆಲವರು ಹಳೆಯ ನಾಣ್ಯಗಳನ್ನು ಅರಸುತ್ತಾರೆ. ಬೆಂಕಿಪೊಟ್ಟಣದ ಚಿತ್ರಗಳನ್ನು ಜೋಪಾನವಾಗಿ ಅಂಟಿಸಿಡುವವರೂ ಉಂಟು. ಈ ಹವ್ಯಾಸಗಳ ನಡುವೆ ಹಸ್ತಾಕ್ಷರ ಸಂಗ್ರಹಕ್ಕೆ ಒಂದು ವಿಶೇಷವಿದೆ. ಅಂಚೆಚೀಟಿಯೂ ನಾಣ್ಯವೂ ಅಚ್ಚಿನಿಂದ ಲಕ್ಷಗಟ್ಟಲೆಯಾಗಿ ಹೊರಬರುತ್ತವೆ. ಹಸ್ತಾಕ್ಷರವಾದರೋ ಒಬ್ಬ ವ್ಯಕ್ತಿಯು ಒಂದು ದಿನ, ಒಂದು ಕಾಗದದ ಮೇಲೆ, ತನ್ನ ಕೈಯಿಂದಲೇ ಮೂಡಿಸಿದ ಗುರುತು. ಆ ವ್ಯಕ್ತಿಯು ಅಳಿದ ಮೇಲೆ ಅಂತಹ ಮತ್ತೊಂದು ಗುರುತು ಹುಟ್ಟಲಾರದು.

ಪ್ರಸಿದ್ಧರ ಕೈಬರಹವನ್ನು ಬಯಸುವುದು ಹೊಸ ರೂಢಿಯೇನೂ ಅಲ್ಲ. ಬಣ್ಣಬಣ್ಣದ ಹಾಳೆಗಳ ಪುಟ್ಟ ಆಟೋಗ್ರಾಫ್ ಪುಸ್ತಕವನ್ನು ಹಿಡಿದು ಕವಿಗಳ, ನಾಯಕರ, ಕ್ರೀಡಾಪಟುಗಳ ಮುಂದೆ ನಿಲ್ಲುವುದು ಹಿಂದಿನ ತಲೆಮಾರಿನ ಬಾಲಕ ಬಾಲಿಕೆಯರಿಗೆ ಹಬ್ಬದಂತಹ ಸಂಗತಿಯಾಗಿತ್ತು. ಮಹಾತ್ಮ ಗಾಂಧಿಯವರು ತಮ್ಮ ಹಸ್ತಾಕ್ಷರವನ್ನು ಬೇಡಿದವರಿಂದ ಐದು ರೂಪಾಯಿಗಳನ್ನು ಪಡೆದು ಹರಿಜನ ನಿಧಿಗೆ ಸೇರಿಸುತ್ತಿದ್ದರು. ಜನರ ಈ ಆಸೆಯು ಎಷ್ಟು ಬಲವಾದುದೆಂಬುದಕ್ಕೆ ಇದೇ ಸಾಕ್ಷಿ. ಚಲನಚಿತ್ರವು ಬಂದ ಮೇಲೆ ಆ ಆಸೆಯು ತಾರೆಯರ ಕಡೆಗೆ ಹರಿಯಿತು. ತೆರೆಯ ಮೇಲೆ ಕಾಣುವುದು ಬರಿಯ ನೆರಳು. ಅದನ್ನು ಕೈಯಿಂದ ಮುಟ್ಟಲಾಗದು. ಆ ನೆರಳಿನ ಹಿಂದಿರುವ ಮನುಷ್ಯನನ್ನು ಮುಟ್ಟಿ ಬಂದ ಕಾಗದವೊಂದು ತನ್ನ ಬಳಿ ಇರಲೆಂದು ಪ್ರೇಕ್ಷಕನು ಬಯಸಿದುದರಲ್ಲಿ ಆಶ್ಚರ್ಯವಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ 1934ರ ಮಾರ್ಚ್ 3ರಂದು ತೆರೆಕಂಡಿತು. ಇಪ್ಪತ್ತು ವರ್ಷಗಳ ಅನಂತರ, 1954ರಲ್ಲಿ, ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ ಚಿತ್ರದ ಮೂಲಕ ರಾಜ್‌ಕುಮಾರ್ ನಾಯಕನಟರಾಗಿ ನಾಡಿಗೆ ಪರಿಚಿತರಾದರು. ಆ ಕಾಲದಲ್ಲಿ ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ಸಿದ್ಧವಾಗುತ್ತಿದ್ದವು. ಹಲವು ಕಲಾವಿದರು ಅಲ್ಲಿಯೇ ನೆಲೆಸಿದ್ದರು. ಬೆಂಗಳೂರಿನ ಅಭಿಮಾನಿಗೆ ಅವರನ್ನು ಕಾಣುವ ಅವಕಾಶಗಳು ವಿರಳ. ಚಿತ್ರದ ನೂರನೆಯ ದಿನದ ಸಮಾರಂಭಕ್ಕೆ ಅವರು ಬಂದಾಗ ನೂಕುನುಗ್ಗಲಿನಲ್ಲಿ ಕೈಚಾಚಬೇಕು. ಇಲ್ಲವೇ ಕಾಗದ ಬರೆದು ಉತ್ತರಕ್ಕಾಗಿ ಅಂಚೆಯವನ ದಾರಿ ಕಾಯಬೇಕು. ಚಿತ್ರಮಂದಿರಗಳ ಬಳಿ ಅಲ್ಪ ಬೆಲೆಗೆ ದೊರೆಯುತ್ತಿದ್ದ ಹಾಡಿನ ಪುಸ್ತಕ, ಮಾಸಪತ್ರಿಕೆಯಿಂದ ಕತ್ತರಿಸಿದ ಚಿತ್ರ, ಸಮಾರಂಭದ ಆಹ್ವಾನಪತ್ರಿಕೆ, ಏನೂ ಇಲ್ಲವಾದರೆ ಶಾಲೆಯ ನೋಟುಪುಸ್ತಕದ ಹಾಳೆ—ಹೀಗೆ ಕೈಗೆ ಸಿಕ್ಕಿದ ಕಾಗದದ ಮೇಲೆಯೇ ರುಜು ಬೀಳುತ್ತಿತ್ತು.

ಇಂತಹ ಕಾಗದಗಳು ಉಳಿದುಬಂದಿರಬಹುದಾದ ನೆಲೆಗಳಲ್ಲಿ ದಕ್ಷಿಣ ಬೆಂಗಳೂರು ಒಂದು. ಜಯನಗರ ಬಡಾವಣೆಗೆ 1948ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಅಡಿಗಲ್ಲನ್ನಿಟ್ಟರು. ಕಾಲಕ್ರಮದಲ್ಲಿ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಅದರ ಸುತ್ತ ಬೆಳೆದವು. ಜಯನಗರದ ಜನರು ಸಿನಿಮಾ ನೋಡಲು ನಂದಾ ಚಿತ್ರಮಂದಿರಕ್ಕೆ ಹೋಗುತ್ತಿದ್ದರು. ನಾಲ್ಕನೆಯ ಬ್ಲಾಕಿನ ವಾಣಿಜ್ಯ ಸಂಕೀರ್ಣದಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರ ಹೆಸರನ್ನು ಹೊತ್ತ ಚಿತ್ರಮಂದಿರವೂ ಇತ್ತು. ಇಂದು ಅವೆರಡೂ ಇಲ್ಲ. ಅದೇ ಪುಟ್ಟಣ್ಣನವರು 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರದಿಂದ ಹೆಸರಾದ ವಿಷ್ಣುವರ್ಧನ್ ಜಯನಗರದಲ್ಲಿಯೂ ಅಂಬರೀಶ್ ಜೆ.ಪಿ. ನಗರದಲ್ಲಿಯೂ ಮನೆಮಾಡಿದ್ದರು. ಅವರ ಹುಟ್ಟುಹಬ್ಬಗಳಂದು ಅಭಿಮಾನಿಗಳು ದೂರದ ಊರುಗಳಿಂದ ಬಂದು ಮನೆಯ ಮುಂದೆ ನೆರೆಯುತ್ತಿದ್ದರು. ಸಮೀಪದ ಹನುಮಂತನಗರದಲ್ಲಿ ಬೆಳೆದು, ಬೆಂಗಳೂರು ಸಾರಿಗೆಯ ಬಸ್ಸಿನಲ್ಲಿ ಟಿಕೇಟು ಹರಿದು ಕೊಡುತ್ತಿದ್ದ ಶಿವಾಜಿರಾವ್ ಎಂಬ ತರುಣರು 1975ರಲ್ಲಿ ಚಿತ್ರರಂಗವನ್ನು ಪ್ರವೇಶಿಸಿ ರಜನೀಕಾಂತ್ ಎಂದು ಹೆಸರಾದರು.

ಹೀಗೆ ಸಂಗ್ರಹಿಸಿದ ಹಸ್ತಾಕ್ಷರಗಳು ಎಲ್ಲವೂ ಅಸಲಿಯೇ? ಹವ್ಯಾಸದ ಮುಖ್ಯ ಪ್ರಶ್ನೆಯು ಇಲ್ಲಿಯೇ ಹುಟ್ಟುತ್ತದೆ. ತಾರೆಯ ಹೆಸರು ಕಾಗದದ ಮೇಲೆ ಇದ್ದಮಾತ್ರಕ್ಕೆ ಅದನ್ನು ತಾರೆಯೇ ಬರೆದರೆಂದು ಹೇಳಲಾಗದು. ಅಸಲಿಯಲ್ಲದ ರುಜುಗಳಲ್ಲಿ ಹಲವು ಬಗೆಗಳುಂಟು. ಅವುಗಳಲ್ಲಿ ಎಲ್ಲವೂ ಮೋಸದ ಉದ್ದೇಶದಿಂದ ಹುಟ್ಟಿದವುಗಳಲ್ಲ.

ಮೊದಲನೆಯದು ಅಚ್ಚಿನ ರುಜು. ಸಾವಿರಾರು ಕಾಗದಗಳಿಗೆ ಉತ್ತರಿಸಬೇಕಾದಾಗ ಒಂದು ಭಾವಚಿತ್ರದ ಮೇಲೆ ಸಹಿ ಮಾಡಿ, ಅದರ ಪ್ರತಿಗಳನ್ನು ಅಚ್ಚುಹಾಕಿಸಿ ಕಳುಹಿಸುವುದು ಜಗತ್ತಿನ ಚಿತ್ರರಂಗಗಳಲ್ಲೆಲ್ಲ ಕಂಡುಬಂದ ಪದ್ಧತಿ. ಎರಡನೆಯದು ರಬ್ಬರ್ ಮೊಹರಿನ ರುಜು. ಮೂರನೆಯದು ತಾರೆಯ ಪರವಾಗಿ ಕಾರ್ಯದರ್ಶಿಯೋ ಮನೆಯವರೋ ಹಾಕಿದ ರುಜು. ಹಾಲಿವುಡ್ಡಿನ ಪ್ರಸಿದ್ಧ ನಟಿ ಜೀನ್ ಹಾರ್ಲೋ 1937ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಅವರ ಹೆಸರಿನಲ್ಲಿ ಅಭಿಮಾನಿಗಳಿಗೆ ಹೋದ ಭಾವಚಿತ್ರಗಳಲ್ಲಿ ಬಹಳಷ್ಟಕ್ಕೆ ಸಹಿ ಹಾಕಿದವರು ಅವರ ತಾಯಿ. ನಾಲ್ಕನೆಯದು ಯಂತ್ರದ ರುಜು. ಒಮ್ಮೆ ಮಾಡಿದ ಸಹಿಯ ಜಾಡನ್ನು ಅನುಸರಿಸಿ ಲೇಖನಿಯನ್ನು ಚಲಿಸುವ ‘ಆಟೋಪೆನ್’ ಎಂಬ ಯಂತ್ರವು 1940ರ ದಶಕದಿಂದ ಅಮೆರಿಕದಲ್ಲಿ ಬಳಕೆಯಲ್ಲಿದೆ. ಕೊನೆಯದು ಹಣದಾಸೆಯಿಂದ ಸೃಷ್ಟಿಸಿದ ಖೋಟಾ ರುಜು. 1990ರ ದಶಕದ ಕೊನೆಯಲ್ಲಿ ಅಮೆರಿಕದ ತನಿಖಾ ಸಂಸ್ಥೆಯಾದ ಎಫ್.ಬಿ.ಐ. ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ಇಂತಹ ದೊಡ್ಡ ಜಾಲವೊಂದನ್ನು ಬಯಲಿಗೆಳೆಯಿತು. ಕ್ರೀಡಾಪಟುಗಳ ಮತ್ತು ಇತರ ಪ್ರಸಿದ್ಧರ ಖೋಟಾ ರುಜುಗಳೊಂದಿಗೆ ‘ಇದು ಅಸಲಿ’ ಎಂದು ಸಾರುವ ಪ್ರಮಾಣಪತ್ರಗಳನ್ನೂ ಆ ಜಾಲದವರು ಒದಗಿಸುತ್ತಿದ್ದರು. ಪ್ರಮಾಣಪತ್ರವೂ ಒಂದು ಕಾಗದವೇ. ಅದನ್ನು ಬರೆದವರು ಯಾರೆಂಬುದನ್ನು ಕೂಡ ಕೇಳಬೇಕೆಂಬುದು ಅದರಿಂದ ದೊರೆತ ಪಾಠ.

ಹಾಗಾದರೆ ಅಸಲಿಯನ್ನು ಗುರುತಿಸುವುದು ಹೇಗೆ? ಅನುಭವಿಗಳಾದ ಸಂಗ್ರಾಹಕರು ಮೊದಲು ನೋಡುವುದು ರುಜುವನ್ನಲ್ಲ; ಆ ಕಾಗದವು ನಡೆದುಬಂದ ದಾರಿಯನ್ನು. ಅದು ಯಾರ ಕೈಗೆ, ಎಂದು, ಎಲ್ಲಿ ದೊರೆಯಿತು? ಅನಂತರ ಯಾರ ಮನೆಯಲ್ಲಿತ್ತು? ಅದರೊಂದಿಗೆ ಬಂದ ಲಕೋಟೆ, ಪತ್ರ, ಸಮಾರಂಭದ ಛಾಯಾಚಿತ್ರ ಉಳಿದಿವೆಯೇ? ಅಜ್ಜನು ಪಡೆದು, ಮಗಳು ಕಾಪಾಡಿ, ಮೊಮ್ಮಗನ ಕೈಗೆ ಬಂದ ಕಾಗದಕ್ಕೆ ಒಂದು ವಂಶಾವಳಿಯೇ ಇರುತ್ತದೆ. ಯಾವ ಹಿನ್ನೆಲೆಯೂ ಇಲ್ಲದೆ ಅಂಗಡಿಯಲ್ಲಿ ಪ್ರತ್ಯಕ್ಷವಾದ ಕಾಗದವನ್ನು ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ.

ಎರಡನೆಯದಾಗಿ ಹೆಸರನ್ನೇ ಪರೀಕ್ಷಿಸಬಹುದು. ನಮ್ಮ ಚಿತ್ರರಂಗದಲ್ಲಿ ಅನೇಕರು ತೆರೆಗಾಗಿ ಹೊಸ ಹೆಸರನ್ನು ಪಡೆದವರು. ಗಾಜನೂರಿನ ಮುತ್ತುರಾಜರು ರಾಜ್‌ಕುಮಾರ್ ಎನಿಸಿಕೊಂಡದ್ದು ‘ಬೇಡರ ಕಣ್ಣಪ್ಪ’ದ ಕಾಲದಲ್ಲಿ. ಸಂಪತ್‌ಕುಮಾರ್ ಎಂಬ ತರುಣರಿಗೆ ವಿಷ್ಣುವರ್ಧನ್ ಎಂಬ ಹೆಸರನ್ನಿತ್ತವರು ‘ನಾಗರಹಾವಿ’ನ ನಿರ್ದೇಶಕರು. ಆದುದರಿಂದ ‘ರಾಜ್‌ಕುಮಾರ್, 1950’ ಎಂದು ಬರೆದಿರುವ ಹಾಳೆಯಾಗಲಿ, ‘ವಿಷ್ಣುವರ್ಧನ್, 1968’ ಎಂದು ಬರೆದಿರುವ ಹಾಳೆಯಾಗಲಿ ದೊರೆತರೆ ಅದರ ಮೇಲಿನ ದಿನಾಂಕವನ್ನು ನಂಬುವಂತಿಲ್ಲ.

ಮೂರನೆಯ ಸಾಕ್ಷಿ ವಿಳಾಸ. ಹಳೆಯ ಕಾಗದಗಳಲ್ಲಿ ಜಯನಗರದ ವಿಳಾಸವು ‘ಬೆಂಗಳೂರು-11’ ಎಂದು ಮುಗಿಯುತ್ತಿತ್ತು. ಆರು ಅಂಕಿಗಳ ಪಿನ್‌ಕೋಡ್ ಭಾರತದಲ್ಲಿ ಜಾರಿಗೆ ಬಂದುದು 1972ರ ಆಗಸ್ಟ್ 15ರಂದು. ಆಗ ಅದೇ ‘11’ ಎಂಬುದು ‘560011’ ಆಯಿತು. ಬನಶಂಕರಿಯ 560070, ಜೆ.ಪಿ. ನಗರದ 560078 ಎಂಬ ಸಂಖ್ಯೆಗಳೂ ಈ ವ್ಯವಸ್ಥೆಯವೇ. ಇಂತಹ ಸಂಖ್ಯೆಯನ್ನು ಅಚ್ಚುಮಾಡಿರುವ ಕಾಗದವು 1960ರದಾಗಿರಲು ಸಾಧ್ಯವಿಲ್ಲ. ಹಾಗೆಯೇ ‘ಕರ್ನಾಟಕ ರಾಜ್ಯ’ ಎಂಬ ಹೆಸರು 1973ರ ನವೆಂಬರ್ 1ರಿಂದ ಬಂದುದು. ಅದಕ್ಕೆ ಮುಂಚೆ ‘ಮೈಸೂರು ರಾಜ್ಯ’. ಅಂಚೆಚೀಟಿಯ ಬೆಲೆ ಆಣೆಗಳಲ್ಲಿದ್ದರೆ ಅದು 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಬರುವುದಕ್ಕೆ ಮುಂಚೆ ಅಚ್ಚಾದುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಿನ್‌ಕೋಡ್ ಬಂದ ಮೇಲೆಯೂ ಹಳೆಯ ರೂಢಿಯಂತೆ ‘ಬೆಂಗಳೂರು-11’ ಎಂದೇ ಬರೆದವರು ಇದ್ದರು. ಹೊಸ ಗುರುತು ಇದ್ದರೆ ಕಾಗದವು ಹಳೆಯದಲ್ಲವೆಂದು ಖಚಿತವಾಗಿ ಹೇಳಬಹುದು. ಹಳೆಯ ಗುರುತು ಇದ್ದಮಾತ್ರಕ್ಕೆ ಕಾಗದವು ಹಳೆಯದೆಂದು ಹೇಳಲಾಗದು.

ನಾಲ್ಕನೆಯದಾಗಿ ಕಾಗದ ಮತ್ತು ಮಸಿಗಳ ಪರೀಕ್ಷೆ. ಸುಮಾರು 1950ರ ದಶಕದಿಂದ ಈಚೆಗೆ ಕಾಗದವು ಹೆಚ್ಚು ಬೆಳ್ಳಗೆ ಕಾಣುವಂತೆ ಕೆಲವು ರಾಸಾಯನಿಕಗಳನ್ನು ಸೇರಿಸಲಾಗುತ್ತಿದೆ. ಅಂತಹ ಕಾಗದವು ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. 1930ರ ದಶಕದ್ದೆಂದು ಹೇಳಲಾದ ಭಾವಚಿತ್ರವು ಹೀಗೆ ಹೊಳೆದರೆ ಅದು ಸಂದೇಹಕ್ಕೆ ಎಡೆ. ಪ್ಲಾಸ್ಟಿಕ್ ಲೇಪನದ ಛಾಯಾಚಿತ್ರ ಕಾಗದವು ಬಳಕೆಗೆ ಬಂದುದು 1960ರ ದಶಕದ ಕೊನೆಯಿಂದ ಈಚೆಗೆ. ಲೇಖನಿಗಳಿಗೂ ಚರಿತ್ರೆಯುಂಟು. ಬಾಲ್‌ಪಾಯಿಂಟ್ ಪೆನ್ನು ಪೇಟೆಯಲ್ಲಿ ಹರಡಿದುದು 1940ರ ದಶಕದ ಮಧ್ಯಭಾಗದ ಮೇಲೆ. ಸ್ಕೆಚ್ ಪೆನ್ನಿನಂತಹ ಮೃದುವಾದ ಮೊನೆಯ ಲೇಖನಿಗಳು ಹರಡಿದುದು 1960ರ ದಶಕದಲ್ಲಿ. ಜೆಲ್ ಪೆನ್ನು ಜಪಾನಿನಲ್ಲಿ ಹುಟ್ಟಿದುದು 1984ರಲ್ಲಿ. ನಟಿ ಕಲ್ಪನಾ ಮತ್ತು ಹಾಸ್ಯನಟ ನರಸಿಂಹರಾಜು ಇಬ್ಬರೂ 1979ರಲ್ಲಿಯೇ ನಿಧನರಾದರು. ಅವರ ರುಜು ಜೆಲ್ ಪೆನ್ನಿನಲ್ಲಿದ್ದರೆ ಅದು ಅವರದಲ್ಲವೆನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಭೂತಗನ್ನಡಿಯಿಂದ ನೋಡಿದಾಗ ರುಜುವಿನ ಗೆರೆಗಳು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದರೆ ಅದು ಅಚ್ಚು. ಚಿತ್ರದ ಮೇಲ್ಮೈಯಲ್ಲಿ ಮಸಿಯು ಬೇರೆಯೇ ಆಗಿ ಮಿನುಗಿದರೆ ಅದು ಲೇಖನಿಯ ಗುರುತು.

ಕೊನೆಗೆ ಕೈಬರಹದ ಪರೀಕ್ಷೆ. ಯಾವ ಮನುಷ್ಯನೂ ಎರಡು ಸಲ ಸಹಿಯನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾಡಲಾರನು. ಎರಡು ರುಜುಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ಅವು ಪೂರ್ಣವಾಗಿ ಹೊಂದಿಕೊಂಡರೆ ಅದು ಯಂತ್ರದ ಅಥವಾ ಅಚ್ಚಿನ ಕೆಲಸವಾಗಿರುವ ಸಂಭವವೇ ಹೆಚ್ಚು. ತನ್ನ ಹೆಸರನ್ನು ಸಾವಿರಾರು ಸಲ ಬರೆದವನ ಕೈ ವೇಗವಾಗಿ, ನಿರಾಯಾಸವಾಗಿ ಹರಿಯುತ್ತದೆ. ಇನ್ನೊಬ್ಬರ ಸಹಿಯನ್ನು ನೋಡಿ ಬರೆಯುವವನು ಬರೆಯುವುದಿಲ್ಲ, ಚಿತ್ರಿಸುತ್ತಾನೆ. ಗೆರೆಯು ನಡುಗುತ್ತದೆ, ಅನಗತ್ಯವಾದ ಕಡೆ ಲೇಖನಿಯನ್ನು ಎತ್ತಿದ ಗುರುತು ಕಾಣುತ್ತದೆ. ಆದರೆ ವೃದ್ಧಾಪ್ಯವೂ ಅನಾರೋಗ್ಯವೂ ಕೈಯನ್ನು ನಡುಗಿಸುತ್ತವೆ. ನಿಂತು ಬರೆದುದಕ್ಕೂ ಮೇಜಿನ ಮೇಲೆ ಬರೆದುದಕ್ಕೂ ಭೇದವಿರುತ್ತದೆ. ಆದುದರಿಂದ ಹೋಲಿಕೆಯನ್ನು ಅದೇ ವ್ಯಕ್ತಿಯ, ಅದೇ ಕಾಲದ, ಅದೇ ಲಿಪಿಯ, ಸಂದೇಹಕ್ಕೆ ಎಡೆಯಿಲ್ಲದ ಬರಹದೊಂದಿಗೆ ಮಾಡಬೇಕು. ಕನ್ನಡದ ರುಜುವನ್ನು ಇಂಗ್ಲಿಷ್ ರುಜುವಿನೊಡನೆ ಹೋಲಿಸಿ ತೀರ್ಪು ಹೇಳಲಾಗದು.

ಈ ಪರೀಕ್ಷೆಗಳನ್ನು ಕೂಡಿಸಿ ಬಳಸುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಜಯನಗರದ ಮನೆಯೊಂದರಲ್ಲಿ 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದ ಹಾಡಿನ ಪುಸ್ತಕವೊಂದು ದೊರೆಯಿತೆಂದು ಭಾವಿಸೋಣ. ಅದರ ಮೇಲೆ ನಾಯಕಿ ಬಿ. ಸರೋಜಾದೇವಿಯವರ ರುಜು ಜೆಲ್ ಪೆನ್ನಿನಲ್ಲಿದೆ. ಅವಸರಪಟ್ಟವರು ಕೂಡಲೇ ‘ಖೋಟಾ’ ಎಂದಾರು. ಆದರೆ ಆ ಕಲಾವಿದೆ 2025ರವರೆಗೆ ನಮ್ಮೊಡನಿದ್ದರು. ಹಳೆಯ ಪುಸ್ತಕದ ಮೇಲೆ ಎಷ್ಟೋ ವರ್ಷಗಳ ತರುವಾಯ ಅವರು ರುಜು ಹಾಕಿರಬಹುದು. ಮಸಿಯು ಇಲ್ಲಿ ತಿಳಿಸುವುದು ಇಷ್ಟೇ: ರುಜು 1961ರದಲ್ಲ. ಅದು ಅವರದು ಹೌದೋ ಅಲ್ಲವೋ ಎಂಬುದನ್ನು ಕೈಬರಹವೂ ಕಾಗದ ನಡೆದುಬಂದ ದಾರಿಯೂ ಹೇಳಬೇಕು. ಒಂದು ಸಾಕ್ಷಿಗೆ ಅದು ಹೇಳುವಷ್ಟನ್ನೇ ಹೇಳಲು ಬಿಡುವುದು ಸತ್ಯಶೋಧಕನ ಮೊದಲ ಗುಣ.

ಪರದೇಶದ ಹಳೆಯ ತಾರೆಯರ ರುಜುಗಳನ್ನು ಅರಸುವವರಿಗೆ ನಮ್ಮ ನಾಡಿನವರೊಬ್ಬರ ಹೆಸರೂ ಚಿರಪರಿಚಿತ. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ಪ್ರಸಿದ್ಧರಾದರು. ಅನಂತರ ‘ದಿ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಮೊದಲಾದ ಚಿತ್ರಗಳಲ್ಲಿ ನಟಿಸಿ, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ, 1963ರಲ್ಲಿ ತೀರಿಕೊಂಡರು. ತೆರೆಯ ಮೇಲೆ ಅವರ ಹೆಸರು ಇಂಗ್ಲಿಷಿನ ನಾಲ್ಕೇ ಅಕ್ಷರಗಳದು. ಹೆಸರು ಚಿಕ್ಕದಾದಷ್ಟೂ ಅದನ್ನು ಅನುಕರಿಸುವುದು ಸುಲಭ. ಪರೀಕ್ಷಿಸುವವನಿಗೆ ದೊರೆಯುವ ಸುಳಿವುಗಳೂ ಕಡಮೆ. ಇಂತಹ ಹೆಸರಿನ ವಿಷಯದಲ್ಲಿ ಕಾಗದದ ಹಿನ್ನೆಲೆಯೇ ಮುಖ್ಯ ಆಧಾರವಾಗುತ್ತದೆ.

ಅಸಲಿಯನ್ನು ಗುರುತಿಸಿದರೆ ಸಾಲದು, ಅದನ್ನು ಉಳಿಸಿಕೊಳ್ಳಬೇಕು. ಪ್ರೀತಿಯಿಂದಲೇ ಹಾಳಾದ ಕಾಗದಗಳಿಗೆ ಲೆಕ್ಕವಿಲ್ಲ. ಬಿಸಿಲು ಬೀಳುವ ಗೋಡೆಯ ಮೇಲೆ ಕಟ್ಟುಹಾಕಿಸಿ ತೂಗಿದ ರುಜುವು ವರ್ಷಗಳಲ್ಲಿ ಮಾಸುತ್ತದೆ. ಸೆಲೋಟೇಪಿನ ಅಂಟು ಕಂದುಬಣ್ಣದ ಕಲೆಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದ ಕಾಗದವನ್ನು ಮತ್ತೆ ಬಿಡಿಸಲಾಗದು. ಆಮ್ಲರಹಿತವಾದ ಕಾಗದದ ನಡುವೆ, ತೇವವೂ ಹುಳುವೂ ಸೇರದ ಪೆಟ್ಟಿಗೆಯಲ್ಲಿ ಇಡುವುದು ಉತ್ತಮ. ಪತ್ರದಿಂದ ರುಜುವಿನ ಭಾಗವನ್ನು ಮಾತ್ರ ಕತ್ತರಿಸಿ ತೆಗೆಯುವುದು ಮರವನ್ನು ಕಡಿದು ಹೂವನ್ನು ಇಟ್ಟುಕೊಂಡಂತೆ. ಲಕೋಟೆಯನ್ನೂ ಎಸೆಯಬಾರದು. ಯಾವಾಗ, ಎಲ್ಲಿ, ಯಾರಿಗೆ ದೊರೆಯಿತೆಂಬುದನ್ನು ಬೇರೊಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಬೇಕು. ಮನೆಯ ಹಿರಿಯರಿರುವಾಗಲೇ ಈ ಕೆಲಸ ಆಗಬೇಕು. ಅವರ ನೆನಪಿನೊಡನೆ ಹೋದುದನ್ನು ಯಾವ ಭೂತಗನ್ನಡಿಯೂ ಮರಳಿ ತಾರದು.

ಇಷ್ಟೆಲ್ಲ ಶ್ರಮವೇಕೆ ಎಂಬ ಪ್ರಶ್ನೆ ಸಹಜ. ಹಳೆಯ ರುಜುಗಳಿಗೆ ಪೇಟೆಯಲ್ಲಿ ಬೆಲೆಯುಂಟು. ಆದರೆ ಉತ್ತರವು ಬೆಲೆಯಲ್ಲಿ ಇಲ್ಲ. ‘ಸತಿ ಸುಲೋಚನಾ’ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಕನ್ನಡದ ಮೊದಲ ಮಾತನ್ನು ತೆರೆಯ ಮೇಲೆ ಕೇಳುವ ಭಾಗ್ಯವನ್ನು ಮುಂದಿನ ತಲೆಮಾರುಗಳು ಶಾಶ್ವತವಾಗಿ ಕಳೆದುಕೊಂಡಿವೆ. ಚಿತ್ರಗಳೇ ಕಳೆದುಹೋದಾಗ ಕರಪತ್ರ, ಹಾಡಿನ ಪುಸ್ತಕ, ಭಾವಚಿತ್ರ, ರುಜು ಹಾಕಿದ ಪತ್ರಗಳೇ ಆ ಕಾಲದ ಸಾಕ್ಷಿಗಳಾಗಿ ನಿಲ್ಲುತ್ತವೆ. ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಚಿತ್ರಗಳೊಂದಿಗೆ ಸ್ಥಿರಚಿತ್ರ, ಭಿತ್ತಿಪತ್ರ, ಹಾಡಿನ ಪುಸ್ತಕಗಳನ್ನೂ ಕೂಡಿಡುತ್ತಿರುವುದು ಇದೇ ಕಾರಣದಿಂದ. ಆದರೆ ಎಲ್ಲವೂ ಅಲ್ಲಿಗೆ ತಲುಪುವುದಿಲ್ಲ. ಜಯನಗರದಂತಹ ಬಡಾವಣೆಗಳಲ್ಲಿ ಹಳೆಯ ಮನೆಗಳು ಉರುಳಿ ಬಹುಮಹಡಿ ಕಟ್ಟಡಗಳು ಏಳುತ್ತಿರುವಾಗ, ಅಟ್ಟದ ಮೇಲಿನ ಟ್ರಂಕುಗಳು ರದ್ದಿಯ ಅಂಗಡಿಯ ತಕ್ಕಡಿಗೆ ಬೀಳುವುದುಂಟು. ಕಿಲೋ ಲೆಕ್ಕದಲ್ಲಿ ತೂಗಿಹೋಗುವ ಆ ಕಾಗದಗಳ ನಡುವೆ ಒಂದು ಕಾಲದ ಗುರುತುಗಳೂ ಇರಬಹುದು.

ಖೋಟಾ ರುಜು ಮಾಡುವ ಕೇಡು ಕೂಡ ಹಣದ ನಷ್ಟವಷ್ಟೇ ಅಲ್ಲ. ಅದು ನಡೆಯದ ಭೇಟಿಯನ್ನು ನಡೆದಂತೆ ತೋರಿಸಿ ಚರಿತ್ರೆಯೊಳಗೆ ಸುಳ್ಳನ್ನು ಸೇರಿಸುತ್ತದೆ. ನಿಜವಾದ ರುಜುಗಳ ಮೇಲೆಯೂ ಸಂದೇಹದ ನೆರಳನ್ನು ಬೀರುತ್ತದೆ. ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನು ‘ಅಭಿಮಾನಿ ದೇವರುಗಳು’ ಎಂದು ಕರೆಯುತ್ತಿದ್ದರು. ಆ ಮಾತಿಗೆ ತಕ್ಕ ಅಭಿಮಾನವೆಂದರೆ ಹೆಸರಿದ್ದ ಕಾಗದವನ್ನೆಲ್ಲ ಕಣ್ಣುಮುಚ್ಚಿ ನಂಬುವುದಲ್ಲ. ತಾಳ್ಮೆಯಿಂದ ವಿಚಾರಿಸಿ, ನಿಜವನ್ನು ಗುರುತಿಸಿ, ಅದನ್ನು ಮುಂದಿನವರಿಗಾಗಿ ಉಳಿಸುವುದು. ಹಾಳೆಯೊಂದರ ಮೂಲೆಯಲ್ಲಿ ಓರೆಯಾಗಿ ಬಿದ್ದ ನಾಲ್ಕಾರು ಅಕ್ಷರಗಳು ಆಗ ಒಬ್ಬರ ಆಸ್ತಿಯಷ್ಟೇ ಆಗಿ ಉಳಿಯದೆ ನಾಡಿನ ನೆನಪಿನ ಭಾಗವಾಗುತ್ತವೆ.